ಸಂಬಳವಲ್ಲ, ಪಾಲು

ಜನವರಿ 14

ಮತ್ತೆ ಕಡಲಿಗೆ ಇಳಿಸೋ ಬೋನಿನ ಬಲೆ ಹೆಣೆಯೋದು. ಎಲ್ವಿನ್ ಶೆಡ್ಡಲ್ಲಿ, ಒಲೆ ಪಕ್ಕ. ಆದರೂ ಬೆರಳು ಮರಗಟ್ಟಿದೆ. ಚಳಿಗಾಲದ ಈ ಕೆಲಸಕ್ಕೆ ಕಾಸಿಲ್ಲ — ಪಾಲಿನವರ ಪದ್ಧತಿ. ಬೇಸಿಗೆಗೆ ಅವನ ದೋಣಿ ಇಳಿದ ಮೇಲೆ ಸಿಕ್ಕ ಲಾಬ್‌ಸ್ಟರ್‌ನಲ್ಲಿ ಐದರಲ್ಲೊಂದು ಪಾಲು ನನ್ನದು. ಅವನು ಚುಕ್ಕಾಣಿ ಹಿಡೀತಾನೆ, ನಾನು ಹಿಂದೆ ನಿಂತು ಬೋನಿಗೆ ಎರೆ ತುಂಬ್ತೀನಿ. ನಾಲ್ಕು ವರ್ಷ ಆಯ್ತು.

ಮುದುಕ ಎಲ್ವಿನ್‌ದು ಇವತ್ತೂ ಅದೇ ಹರಿಕಥೆ. "ನಮ್ಮಪ್ಪ ಆಗಲಿ, ಅವರಪ್ಪ ಆಗಲಿ, ಕೂಲಿಯವರನ್ನ ಇಟ್ಟೋರಲ್ಲ. ನಮ್ಮ ದೋಣಿ ಹತ್ತಿದ ಮೇಲೆ ಎಲ್ರೂ ಪಾಲುದಾರರೇ."

"ಹೌದಪ್ಪಾ, ಪಾಲುದಾರಳ ಮೂಗು ಸೋರ್ತಿದೆ, ಒಲೆಗೆ ಇನ್ನೊಂದು ಕೊಳ್ಳಿ ಹಾಕು" ಅಂದೆ.

ಅವನ ಹೆಂಡತಿ ಫಿಲ್ಲಿಸ್ ಬೀನ್ಸ್ ಬೇಯಿಸಿ ಕಳಿಸಿದ್ದಳು. ಸಿಹಿ ಜಾಸ್ತಿ. ತಿಂದೆ.

ಫೆಬ್ರವರಿ 9

ತೆರಿಗೆ ಲೆಕ್ಕ ಬರೆಯೋ ಲೊರೇನ್ ಹತ್ತಿರ ಹೋಗಿದ್ದೆ. ಪ್ರತಿ ವರ್ಷದ ಹಾಗೇ ಒಂದು ಬೂಟಿನ ಡಬ್ಬಿ ತುಂಬ ಚೀಟಿ. ಮೀನುಗಾರರು ಮಾರ್ಚ್ ಒಂದರೊಳಗೆ ಮುಗಿಸಬೇಕು, ಇಲ್ಲಾಂದ್ರೆ ದಂಡ.

"ತೆರಿಗೆಗೆ ಅಂತ ಎಷ್ಟು ಎತ್ತಿಟ್ಟಿದೀಯ?"

"ಎತ್ತಿಡೋಕೆ ಏನಿತ್ತು? ಸೆಪ್ಟೆಂಬರ್‌ನಲ್ಲಿ ಇಂಜಿನ್ ಕೆಟ್ಟು ಕೂತಿದ್ದು ಊರಿಗೆಲ್ಲ ಗೊತ್ತು."

ಅವಳು ಕೂಡಿಸಿದಳು. ಮೊತ್ತ ಎರಡು ಸಲ ಓದಿದೆ. ನಮ್ಮ ಅಕ್ಕ ಡಾಟ್, ಶಾಲೆ ಅಡುಗೆಮನೆಯಲ್ಲಿ ನನಗಿಂತ ಕಡಿಮೆಯೇನೂ ದುಡಿಯಲ್ಲ. ಅವಳಿಗೆ ವಾರವಾರ ಸಂಬಳದಲ್ಲೇ ತೆರಿಗೆ ಮುರ್ಕೋತಾರೆ, ಪಿಂಚಣಿ ತೆರಿಗೆಯ ಅರ್ಧ ಶಾಲೆಯೇ ಕಟ್ಟುತ್ತೆ, ಬೇಸಿಗೆಗೆ ವಾಪಸ್ ಬಂದ ದುಡ್ಡಲ್ಲಿ ಟಿವಿ ತಗೋತಾಳೆ! ನನಗೆ?

"ನಿನಗೆ ನೀನೇ ಯಜಮಾನಿ, ನೀನೇ ಆಳು. ಎರಡು ಅರ್ಧವೂ ನಿನ್ನ ತಲೆಗೇ" ಅಂದಳು ಲೊರೇನ್.

ಆಮೇಲೆ ಬ್ಯಾಂಕ್ ಪುಸ್ತಕ ತಿರುವಿದಳು. ಕನ್ನಡಕ ಮೇಲೆ ಸರಿಸಿದಳು. "ಇದೇನಿದು, ಅಕ್ಟೋಬರ್‌ನಿಂದ ವಾರವಾರ ಒಂದೇ ಮೊತ್ತ?"

ಹೇಳಿದೆ. ಇಂಜಿನ್ ಸರಿಯಾದ ಮೇಲೂ ಬೋನಿಗೆ ಏನೂ ಸಿಗ್ತಿರಲಿಲ್ಲ. ಐದರಲ್ಲೊಂದು ಅಂದ್ರೆ ಸೊನ್ನೆಯಲ್ಲಿ ಸೊನ್ನೆ. ಎಲ್ವಿನ್ ನನ್ನ ಪಾಡು ನೋಡಲಾರದೆ, "ಪಾಲು ಗೀಲು ಬಿಡು ಅಮ್ಮಣ್ಣಿ. ಸಿಕ್ಕಲಿ ಬಿಡಲಿ, ದಿನಕ್ಕೆ ಇನ್ನೂರು ಡಾಲರ್ ಹಿಡಿ" ಅಂದಿದ್ದ. ಹಿಡಿದೆ.

ಲೊರೇನ್ ಪೆನ್ನು ಕೆಳಗಿಟ್ಟು ಬಿಡಿಸಿ ಹೇಳಿದಳು. ಮೀನಿನ ಜೊತೆ ಏರಿಳಿದರೆ ಅದು ಪಾಲು. ಮೀನು ಬಂದರೂ ಬರದಿದ್ದರೂ ಕೊಟ್ಟರೆ ಸಂಬಳ. ಸಂಬಳ ಅಂದ ಮೇಲೆ ನಾನು ಆಳು, ಎಲ್ವಿನ್ ಯಜಮಾನ. ಅವನು ತೆರಿಗೆ ಮುರ್ಕೋಬೇಕಿತ್ತು, ಅರ್ಧ ತಾನೇ ಕಟ್ಟಬೇಕಿತ್ತು. ಕಟ್ಟಿಲ್ಲ. ಸಂಬಳ ಅಂತ ಬರೆದರೆ ನನ್ನ ಭಾರ ಇಳಿಯುತ್ತೆ. ಅವನ ಮೇಲೆ ದಂಡದ ಸಮೇತ ಬೀಳುತ್ತೆ.

"ಪಾಪ, ದಯೆಯಿಂದ ಕೊಟ್ಟಿದ್ದು ಕಣೇ!"

"ದಯೆ ಅಂತ ಒಂದು ಕಾಲಮ್ಮು ಇಲ್ಲ ಮಾರಾಯ್ತಿ. ಇದ್ದಿದ್ರೆ ನಾನೇ ತುಂಬ್ತಿದ್ದೆ."

ಫೆಬ್ರವರಿ 10

ಯಾರ ಮೇಲೆ ಅಂತ ಸಿಟ್ಟು ಮಾಡ್ಕೊಳ್ಳಲಿ? ಪೂರ್ತಿ ಕಟ್ಟಿದರೆ ಈ ಟ್ರೇಲರ್ ಮನೆ ಬಾಡಿಗೆಗೆ ಕಾಸಿಲ್ಲ. ಕಟ್ಟದಿದ್ದರೆ ತೆರಿಗೆಯವರು ನನ್ನ ಟ್ರಕ್ಕನ್ನೇ ಎತ್ಕೊಂಡು ಹೋಗ್ತಾರೆ. ಬಾಯಿ ಬಿಟ್ಟರೆ ಎಲ್ವಿನ್ ಮುಳುಗ್ತಾನೆ. ಹೊಸ ಇಂಜಿನ್ ಸಾಲವೇ ಇನ್ನೂ ಕುತ್ತಿಗೇಲಿದೆ ಅವನಿಗೆ.

ಅತ್ತ ದರಿ, ಇತ್ತ ಪುಲಿ.

ಫೆಬ್ರವರಿ 16

ಎಲ್ವಿನ್‌ಗೆ ಹೇಳೋಕೆ ಹೋದೆ. ಎರಡು ಬೋನು ಹೆಣೆದು ವಾಪಸ್ ಬಂದೆ. ಥೂ ನನ್ನ.

ಫೆಬ್ರವರಿ 21

ಹೇಳಿಬಿಟ್ಟೆ.

ಮೊಳೆ ಹೊಡೀತಿದ್ದ. ನಿಲ್ಲಿಸಲಿಲ್ಲ. ದಂಡ, ಅರ್ಧ, ಮುರ್ಕೊಳ್ಳೋದು — ಯಾವುದೂ ಅವನಿಗೆ ನಾಟಲಿಲ್ಲ. ಒಂದೇ ಮಾತು ನಾಟಿತು.

"ನನ್ನನ್ನ ಯಜಮಾನ ಅಂದಳಾ ಆ ಲೊರೇನ್?"

"ಕಾನೂನಿನ ಪ್ರಕಾರ—"

"ಕಾನೂನು ನನ್ನ ದೋಣಿ ಹತ್ತಿದೆಯಾ? ನೀನು ಹೇಳು. ನೀನು ನನ್ನ ಕೂಲಿಯವಳಾ?"

ಅಂಗಡಿ ಕಟ್ಟೆಯಲ್ಲಿ "ನಾನು ಯಾರ ಕೈಕೆಳಗೂ ಇಲ್ಲ" ಅಂತ ಜಂಬ ಕೊಚ್ಚಿಕೊಂಡವಳು ನಾನೇ. "ಅಲ್ಲ" ಅಂದೆ.

"ಹಾಗಿದ್ರೆ ಮುಗೀತು." ಮೊಳೆ ಸೊಟ್ಟಗಾಯ್ತು. ಕಿತ್ತು ಎಸೆದ.

ಫೆಬ್ರವರಿ 23

ಲೊರೇನ್‌ಗೆ ಫೋನ್. ಎಲ್ಲಾ ಪಾಲು ಅಂತಲೇ ಬರಿ, ಕಂತಿನಲ್ಲಿ ಹೇಗೋ ಕಟ್ಟಿ ಸಾಯ್ತೀನಿ ಅಂದೆ.

"ಗೊತ್ತಿದ್ದೂ ಗೊತ್ತಿಲ್ಲ ಅಂತ ನಾನು ಸಹಿ ಹಾಕಲ್ಲ ವಾಂಡಾ. ಬೇರೆಯವರನ್ನ ನೋಡ್ಕೋ."

ಎಲ್ಲರೂ ಸತ್ಯವಂತರೇ ಈ ಊರಲ್ಲಿ. ಬಡವರು ಮಾತ್ರ ನಾವೇ.

ಫೆಬ್ರವರಿ 27

ಎಲ್ವಿನ್ ಲೊರೇನ್ ಹತ್ತಿರ ಹೋಗಿದ್ದನಂತೆ! ಭಾನುವಾರದ ಕೋಟು ಹಾಕ್ಕೊಂಡು. ಅವಳೇ ಫೋನ್ ಮಾಡಿದಳು. "ಸಂಬಳ ಅಂತ ಬರೀರಿ, ನಾನು ಮಾಡಿದ್ದಕ್ಕೆ ಅವಳು ತೆರೋದು ಬೇಡ. ನನ್ನ ಅರ್ಧ ಎಷ್ಟು, ದಂಡ ಎಷ್ಟು, ಹೇಳಿ" ಅಂದನಂತೆ, ಕೂತ್ಕೊಳ್ಳಲೂ ಇಲ್ಲವಂತೆ.

ದಂಡ ಕಟ್ಟೋಕೆ ಹಿಮದ ಮೇಲೆ ಓಡಿಸೋ ಗಾಡಿ ಮಾರಿಬಿಟ್ಟಿದ್ದಾನೆ. ಫಿಲ್ಲಿಸ್‌ನ ಅದರಲ್ಲೇ ಕೂರಿಸ್ಕೊಂಡು ಹೆಪ್ಪುಗಟ್ಟಿದ ಕೆರೆ ಮೇಲೆ ಸುತ್ತಿಸ್ತಿದ್ದ, ಮುದಿ ವಯಸ್ಸಲ್ಲಿ. ನನಗೆ ಅಳು ಬಂತು. ನೆಮ್ಮದಿಯೂ ಆಯ್ತು — ಅದಕ್ಕೆ ಇನ್ನೂ ಅಳು.

ಫೆಬ್ರವರಿ 28

ಶೆಡ್ಡಿಗೆ ಹೋದೆ. ಒಲೆ ಹಚ್ಚಿರಲಿಲ್ಲ. ಬಾಗಿಲಲ್ಲೇ ನಿಲ್ಲಿಸಿದ.

"ಈ ಹಂಗಾಮಿಗೆ ಒಬ್ಬನೇ ಹೋಗ್ತೀನಿ ವಾಂಡಾ." ಅಮ್ಮಣ್ಣಿ ಅನ್ನಲಿಲ್ಲ.

"ಒಬ್ಬನೇನಾ? ಈ ವಯಸ್ಸಲ್ಲಾ? ಹಗ್ಗ ಕಾಲಿಗೆ ಸುತ್ತಿಕೊಂಡರೆ ಬಿಡಿಸೋರು ಯಾರು?"

"ಸಂಬಳದಾಳು ಇಟ್ಕೊಳ್ಳೋ ತಾಕತ್ತು ನನಗಿಲ್ಲ." ಬಾಗಿಲು ಹಾಕಿಕೊಂಡ. ಜೋರಾಗೇನೂ ಅಲ್ಲ.

ಉಪಕಾರ ಅವನೇ ಮಾಡಿದ, ದಂಡ ಅವನೇ ಕಟ್ಟಿದ. ಕೆಲಸ ಹೋಗಿದ್ದು ನನ್ನದು.

ಏಪ್ರಿಲ್ 19

ಬರೆಯೋಕೆ ಮನಸ್ಸಿರಲಿಲ್ಲ. ಕಡಲು ಇಳಿದ ಹೊತ್ತಲ್ಲಿ ದಡದ ಕೆಸರು ಬಗೆದು ಚಿಪ್ಪುಮೀನು ಆಯ್ತಿದ್ದೀನಿ. ಸೊಂಟ ಬಿದ್ದುಹೋಗಿದೆ. ಬೇರೆ ದೋಣಿಯವರನ್ನೂ ಕೇಳಿದೆ. ಒಬ್ಬ ಮುಖಕ್ಕೇ ಅಂದ — "ನಿನ್ನ ಹತ್ತಿಸಿಕೊಂಡರೆ ಯಾವತ್ತು ತೆರಿಗೆಯವರು ಬಂದು ಬಾಗಿಲು ತಟ್ಟುತ್ತಾರೋ!" ಉಳಿದವರೆಲ್ಲ ನಕ್ಕರು. ಎಲ್ವಿನ್‌ನ ಹಿಡಿದುಕೊಟ್ಟವಳು ನಾನೇ ಅಂತ ಊರಲ್ಲಿ ಕಥೆ ಓಡಾಡ್ತಿದೆ. ಅವನು ತಾನಾಗೇ ಲೊರೇನ್ ಹತ್ತಿರ ಹೋಗಿದ್ದು ಅಂತ ಹೇಳಿದರೆ ಯಾರು ನಂಬ್ತಾರೆ?

ಮೇ 3

ಬೆಳಗ್ಗೆ ಐದಕ್ಕೇ ದೋಣಿ ಕಟ್ಟೋ ಧಕ್ಕೆಗೆ ಹೋಗಿ ನಿಂತೆ. ಬೂಟು, ರಬ್ಬರ್ ಅಂಗಿ, ಎಲ್ಲಾ ಹಾಕ್ಕೊಂಡೇ. ಎಲ್ವಿನ್ ಎರೆಯ ಡಬ್ಬ ಒಬ್ಬನೇ ಎಳೀತಿದ್ದ, ಉಸಿರು ಕಟ್ಟುತ್ತಿತ್ತು. ನೋಡಿಯೂ ನೋಡದ ಹಾಗೆ ಮಾಡಿದ.

"ಪಾಲು" ಅಂದೆ. "ಐದರಲ್ಲೊಂದು. ಸಿಕ್ಕರೆ ಸಿಕ್ತು, ಇಲ್ಲಾಂದ್ರೆ ಸೊನ್ನೆ. ನಾನು ಉಪವಾಸ ಸತ್ತರೂ ನೀನು ಜೇಬಿಗೆ ಕೈ ಹಾಕಬಾರದು."

"ಹಾಕಿದರೆ?"

"ಮತ್ತೆ ಯಜಮಾನ ಆಗ್ತೀಯ."

ಡಬ್ಬ ಕೆಳಗಿಟ್ಟ. ಆಮೇಲೆ, "ಫಿಲ್ಲಿಸ್ ಬೀನ್ಸ್ ಕಳಿಸ್ತಾಳೆ. ಅದಕ್ಕೂ ಅರ್ಧ ನಾನೇ ಕಟ್ಟಬೇಕಾ?"

"ಅದನ್ನ ತಿನ್ನೋದಕ್ಕೆ ನನಗೇ ಪರಿಹಾರ ಕೊಡಬೇಕು."

ನಕ್ಕನೋ ಕೆಮ್ಮಿದನೋ. ಡಬ್ಬದ ಇನ್ನೊಂದು ಹಿಡಿ ನನ್ನ ಕಡೆ ತಿರುಗಿಸಿದ. ಹತ್ತಿದೆ.

ಮೇ 11

ಈ ವಾರದ ಪಾಲು ಪರವಾಗಿಲ್ಲ. ಕೈತುಂಬ ಅಲ್ಲ, ಆದರೆ ನನ್ನದು. ಅಮ್ಮಣ್ಣಿ ಅಂದ ಇವತ್ತು, ಮರೆತು.

ಮೇ 24

ವಾರವಿಡೀ ಏನೂ ಇಲ್ಲ. ನೀರು ಮತ್ತೆ ತಣ್ಣಗಾಗಿದೆ, ಲಾಬ್‌ಸ್ಟರ್ ದಡದ ಕಡೆ ಬರ್ತಿಲ್ಲ. ಬೋನು ಎತ್ತೋದು, ಏಡಿ ಬಿಸಾಕೋದು, ಮತ್ತೆ ಎರೆ ತುಂಬೋದು. ಎಣ್ಣೆ ಖರ್ಚೂ ಹುಟ್ಟಲಿಲ್ಲ. ನನ್ನ ಪಾಲು ಸೊನ್ನೆ. ಎಲ್ವಿನ್ ಚುಕ್ಕಾಣಿ ಬಿಟ್ಟು ಹಿಂದಕ್ಕೆ ತಿರುಗಲೇ ಇಲ್ಲ. ನನ್ನ ಮುಖ ನೋಡೋಕಾಗದೆ ಅಂತ ನನಗೆ ಗೊತ್ತು.

ಸಂಜೆ ಆರು

ಟ್ರಕ್ಕಿನ ಸೀಟಿನ ಮೇಲೆ ಫಿಲ್ಲಿಸ್‌ನ ಬೀನ್ಸ್ ಪಾತ್ರೆ ಇತ್ತು. ಮನೆಗೆ ತಂದು ಮುಚ್ಚಳ ತೆಗೆದೆ. ಬೀನ್ಸ್ ಇಲ್ಲ. ದುಡ್ಡು. ವಾರಕ್ಕೆ ಸರಿಯಾಗಿ, ದಿನಕ್ಕೆ ಇನ್ನೂರರ ಹಾಗೆ.

ದೇವರೇ, ಈ ಮುದುಕನಿಗೆ ಬುದ್ಧಿ ಬರೋದು ಯಾವಾಗ? ಇನ್ನು ಮಾರೋಕೆ ಏನಿದೆ ಅವನ ಹತ್ತಿರ? ಹೋಗಿ ಮುಖಕ್ಕೆ ಎಸೆದು ಬರಬೇಕು ಅನ್ನಿಸ್ತು. ಕೀ ತಗೊಂಡೆ. ಬಾಡಿಗೆ ಕೇಳೋಕೆ ಮನೆ ಮಾಲೀಕ ನಾಳೆ ಬರ್ತಾನೆ. ಎರಡು ತಿಂಗಳ ಬಾಕಿ, ಈ ಸಲ ಕಾಯಲ್ಲ ಅಂದಿದ್ದಾನೆ. ಕೀ ಕೆಳಗಿಟ್ಟೆ.

ಇದನ್ನ ಮುಟ್ಟಿದರೆ ನಾನು ಮತ್ತೆ ಅವನ ಕೂಲಿಯವಳು. ಅವನೂ ಮತ್ತೆ ಅದೇ ಗುಂಡಿಗೆ. ಗೊತ್ತು. ವಾಪಸ್ ಕೊಡ್ತೀನಿ. ನಾಳೆ ಬೆಳಗ್ಗೆ, ದೋಣಿ ಹತ್ತೋಕೆ ಮುಂಚೇನೇ ಕೊಡ್ತೀನಿ. ಬಾಡಿಗೆಗೆ ಎಷ್ಟು ಬೇಕೋ ಅಷ್ಟು ಮಾತ್ರ ತೆಗೆದಿಟ್ಟು, ಉಳಿದದ್ದನ್ನ… ಅಯ್ಯೋ, ಆಗಲೇ ಎಣಿಸ್ತಾ ಕೂತಿದ್ದೀನಿ.