ಸಚಿವರ ಮೈಕಿನ ಪ್ಲಗ್ಗು ಕಿತ್ತವಳ ವಿವರಣೆ

ಮಾನ್ಯ ವಿದ್ಯುತ್ ಸಚಿವರೇ,

“ಸರ್ಕಾರಿ ಕಾರ್ಯಕ್ರಮವೊಂದರ ವಿದ್ಯುತ್ ಸಂಪರ್ಕವನ್ನು ಉದ್ದೇಶಪೂರ್ವಕವಾಗಿ ಕಡಿತಗೊಳಿಸಿದ ನಿಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು?” ಎಂದು ಕೇಳಿ ತಮ್ಮ ಕಚೇರಿಯಿಂದ ನನಗೆ ನೋಟೀಸು ಬಂದಿದೆ. ಓದಿದಾಗ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಹತ್ತು ನಿಮಿಷ ತಮಗೆ ಕರೆಂಟು ಇಲ್ಲದೆ ಹೋಗಿದ್ದಕ್ಕೆ ವಿವರಣೆ ಬೇಕಂತೆ! ನಮ್ಮ ಬೀದಿಯ ಕರೆಂಟನ್ನು ದಿನಾ ಬೆಳಿಗ್ಗೆ ಐದರಿಂದ ಒಂಬತ್ತು, ಮತ್ತೆ ಸಂಜೆ ಐದರಿಂದ ಒಂಬತ್ತು ತೆಗೆಯುತ್ತೀರಲ್ಲ, ಯಾವತ್ತಾದರೂ ನನಗೊಂದು ವಿವರಣೆ ಕಳಿಸಿದ್ದೀರಾ? ಲೋಡ್ ಶೆಡ್ಡಿಂಗ್ ಮುಗಿದೇಹೋಯಿತು ಎಂದು ಟಿ.ವಿ.ಯಲ್ಲಿ ಎದೆ ತಟ್ಟಿಕೊಂಡಿರಿ. ನಮ್ಮಂಥ ಬಡಾವಣೆಗಳಲ್ಲಿ ಅದರ ಹೆಸರನ್ನು ‘ಹೊರೆ ಇಳಿಕೆ’ ಎಂದು ಬದಲಾಯಿಸಿದ್ದೀರಿ, ಅಷ್ಟೇ. ಆ ಹೊರೆ ನಾವೇ ಎಂದು ಅರ್ಥಮಾಡಿಕೊಂಡು ಸುಮ್ಮನಿದ್ದೇವೆ. ಇರಲಿ, ಕೇಳಿದ್ದೀರಿ, ಕೊಡುತ್ತೇನೆ. ತಮ್ಮ ಕಚೇರಿಗೆ ಹಿಂದೆ ಬರೆದ ಪತ್ರಗಳು ಯಾವ ಬಾವಿಗೆ ಬಿದ್ದವೋ ತಿಳಿಯದ ಕಾರಣ ಈ ಸಲ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಾನು ಎಂಪುಮಲಂಗಾ ಪ್ರಾಂತ್ಯದಲ್ಲಿ ಕಲ್ಲಿದ್ದಲು ಸುಡುವ ಒಂದು ಉಷ್ಣ ವಿದ್ಯುತ್ ಸ್ಥಾವರದ ಗೇಟಿನೆದುರು ಮಗ್ವಿನ್ಯಾ ಕರಿದು ಮಾರುವವಳು. ಪಾಳಿ ಬಿಟ್ಟು ಬಂದವರು ಬಿಸಿಬಿಸಿ ಮೈದಾ ಉಂಡೆಯನ್ನು ಎರಡು ಕೈಯಲ್ಲಿ ಹಿಡಿದು ತಿನ್ನುತ್ತಾ ಮನೆಗೆ ಹೋಗುತ್ತಾರೆ. ನಮ್ಮ ಮನೆ ಸ್ಥಾವರದ ಬೂದಿಗುಡ್ಡದ ಬುಡದಲ್ಲಿದೆ. ಒಗೆದು ಹರವಿದ ಬಿಳಿ ಬಟ್ಟೆಯನ್ನು ಬಿಳಿಯಾಗಿಯೇ ಒಳಗೆ ತಂದ ನೆನಪು ನನಗಿಲ್ಲ. ನನ್ನ ಅಮ್ಮ ಎಸ್ತೆರಳ ಎದೆ ಪೂರ್ತಿ ಹಾಳಾಗಿದೆ. ಆಸ್ಪತ್ರೆಯಲ್ಲಿ ಹೊಸ ಡಾಕ್ಟರೊಬ್ಬ, “ಅಜ್ಜಿ ಎಷ್ಟು ವರ್ಷದಿಂದ ಸಿಗರೇಟು ಸೇದ್ತಾರೆ?” ಎಂದು ಕೇಳಿದ. “ಅವಳು ಸೇದಲ್ಲ ಡಾಕ್ಟ್ರೇ, ನಮ್ಮೂರೇ ಸೇದುತ್ತೆ, ಇವಳು ಪಕ್ಕದಲ್ಲಿ ಕೂತಿದ್ದಾಳೆ ಅಷ್ಟೇ” ಎಂದೆ. ಈಗ ಅವಳು ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಯಂತ್ರದ ಬಲದಿಂದ ಉಸಿರಾಡುತ್ತಾಳೆ. ಆ ಯಂತ್ರಕ್ಕೆ ಕರೆಂಟು ಬೇಕು. ಕರೆಂಟು ಅದೇ ಸ್ಥಾವರದ ಚಿಮಣಿಯ ಕೆಳಗಿನಿಂದ ಬರಬೇಕು. ಅಮ್ಮನ ಎದೆ ಕೆಡಿಸಿದ್ದೂ ಆ ಕಲ್ಲಿದ್ದಲೇ, ಇವತ್ತು ಅವಳ ಉಸಿರು ನಿಲ್ಲದಂತೆ ನೋಡಿಕೊಳ್ಳುತ್ತಿರುವುದೂ ಅದೇ ಹಾಳು ಕಲ್ಲಿದ್ದಲು.

ಕರೆಂಟು ಹೋದಾಗ ಆಸ್ಪತ್ರೆಯವರು ಕೊಟ್ಟ ಆಮ್ಲಜನಕದ ಸಣ್ಣ ಸಿಲಿಂಡರ್ ಜೋಡಿಸುತ್ತೇನೆ. ಅದು ತೀರುವುದರೊಳಗೆ ಕರೆಂಟು ಬರಲೆಂದು ದೇವರನ್ನು ಬೇಡುತ್ತೇನೆ. ನಮ್ಮ ಜುಲೈ ಚಳಿಗಾಲದಲ್ಲಿ ಉಳಿದವರೆಲ್ಲ ಇಂಬಾವುಲಾ ಹೊತ್ತಿಸುತ್ತಾರೆ. ತೂತು ಹೊಡೆದ ತಗಡಿನ ಡಬ್ಬದಲ್ಲಿ ಕಲ್ಲಿದ್ದಲು ತುಂಬಿ, ಅಂಗಳದಲ್ಲಿ ಹೊಗೆ ಕಳೆಯುವವರೆಗೆ ಕಾದು, ಕೆಂಡ ಕೆಂಪಾದ ಮೇಲೆ ಒಳಗೆ ಒಯ್ಯುತ್ತಾರೆ. ನಮ್ಮ ಮನೆಯಲ್ಲಿ ಅದನ್ನು ಹೊಸ್ತಿಲು ದಾಟಿಸುವಂತಿಲ್ಲ. ಆದ್ದರಿಂದ ಅಮ್ಮನಿಗೆ ಮೂರು ಕಂಬಳಿ ಹೊದಿಸಿ ಅವಳ ಕಾಲನ್ನು ನನ್ನ ಮಡಿಲಲ್ಲಿಟ್ಟುಕೊಂಡು ಕೂತಿರುತ್ತೇನೆ. ಇಡೀ ದಕ್ಷಿಣ ಆಫ್ರಿಕಾಕ್ಕೆ ಕರೆಂಟು ಹೆರುವ ಊರಿನ ಚಂದ ಇದು, ಮಾನ್ಯರೇ.

ತಮ್ಮ ನೀತಿ ಏನೆಂದು ತಿಳಿಯಲು ನಾನು ನಿಜಕ್ಕೂ ಪ್ರಯತ್ನಪಟ್ಟೆ. ಹಣ ಕೊಡುವ ವಿದೇಶದವರ ಮುಂದೆ ನಿಂತಾಗ ಕಲ್ಲಿದ್ದಲಿನ ಕಾಲ ಮುಗಿಯಿತು ಎನ್ನುತ್ತೀರಿ. ಅದೇ ವಾರ ಫುಟ್ಬಾಲ್ ಮೈದಾನದಲ್ಲಿ ಗಣಿ ಕಾರ್ಮಿಕರೆದುರು ಕೈಯೆತ್ತಿ, “ಸಿರಿವಂತ ದೇಶಗಳು ಇನ್ನೂರು ವರ್ಷ ಸುಟ್ಟವು, ಈಗ ನಮ್ಮ ಸರದಿ!” ಎಂದು ಗುಡುಗುತ್ತೀರಿ. ಅವರು ಸುಟ್ಟಿದ್ದು ನಿಜ. ಸುಟ್ಟು ಸಿರಿವಂತರಾಗಿ, ಕೈ ತೊಳೆದುಕೊಂಡು, ಈಗ ನಮಗೆ ಪಾಠ ಹೇಳಲು ಬಂದಿದ್ದೂ ನಿಜ, ಅವರ ಮೇಲೂ ನನಗೆ ಸಿಟ್ಟಿದೆ. ಆದರೆ ನಮ್ಮ ಸರದಿ ಅಂದಿರಲ್ಲ, ಯಾವುದರ ಸರದಿ ಸ್ವಾಮಿ? ಕೆಮ್ಮುವುದರದ್ದೇ? ಅದನ್ನು ನಾವು ಅರ್ಧ ಶತಮಾನದಿಂದ ಚೆನ್ನಾಗಿಯೇ ನಿಭಾಯಿಸಿದ್ದೇವೆ. ಕರೆಂಟಿನ ಸರದಿ ಯಾವಾಗ ಬರುತ್ತದೆ ಎಂಬುದನ್ನು ಮಾತ್ರ ತಾವು ಯಾವ ಮೈದಾನದಲ್ಲೂ ಹೇಳಲಿಲ್ಲ. ನನ್ನ ತಮ್ಮ ಫಾನ್ಯಾನಾ ಬಾಯ್ಲರ್ ವಿಭಾಗದಲ್ಲಿದ್ದ. ಸ್ಥಾವರದ ಅರ್ಧ ಮುಚ್ಚಿದಾಗ ಅವನಿಗೆ ಹೊಸ ಯುಗದ ತರಬೇತಿ ಕೊಟ್ಟಿರಿ. ಸೋಲಾರ್ ಹಲಗೆ ಒರೆಸುವುದು ಹೇಗೆ ಎಂದು ಮೂರು ವಾರ ಕಲಿಸಿ, ಒಂದು ಪ್ರಮಾಣಪತ್ರ, ಒಂದು ಹಸಿರು ಟೋಪಿ ಕೈಗಿಟ್ಟಿರಿ. ಕೆಲಸ ಕೊಡುವುದು ಮರೆತುಹೋಯಿತು. “ಅಕ್ಕಾ, ಕಿಟಕಿ ಇದ್ರೆ ಹೇಳು, ಒರೆಸಿಕೊಡ್ತೀನಿ, ಸರ್ಕಾರದ ಸರ್ಟಿಫಿಕೇಟು ಇದೆ” ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಾನೆ.

ಇನ್ನು ಆ ದಿನದ ವಿಷಯ. ನಮ್ಮ ಮನೆಯ ಹಿಂದಿನ ಬಯಲಲ್ಲಿ ಸೋಲಾರ್ ಹಲಗೆಗಳ ಸಾಲು ಎದ್ದಿತ್ತು, ತಾವು ಉದ್ಘಾಟನೆಗೆ ಬಂದಿರಿ. ತಾವು ಬಂದ ಪುಣ್ಯಕ್ಕೆ ಅವತ್ತು ಕರೆಂಟು ಹೋಗಲೇ ಇಲ್ಲ. ವಿದೇಶದ ಅತಿಥಿಗಳಿಗೆ ಮಗ್ವಿನ್ಯಾ ಕರಿಯಲು ನನಗೇ ಹೇಳಿದ್ದರು. ಅಮ್ಮನ ಯಂತ್ರ ಓಡುವಾಗ ಕರೆಂಟಿನ ಒಲೆ ಹಚ್ಚಿದರೆ ಫ್ಯೂಸು ಹಾರುತ್ತದೆ. ಅದಕ್ಕೆ ವೇದಿಕೆಯ ಹಿಂದೆ, ನಮ್ಮ ಅಂಗಳದ ಮೂಲೆಯಲ್ಲಿ ಇಂಬಾವುಲಾ ಮೇಲೆ ಬಾಣಲೆ ಇಟ್ಟಿದ್ದೆ. ತಮ್ಮ ಆಪ್ತ ಸಹಾಯಕ ಓಡೋಡಿ ಬಂದ.

“ಅಕ್ಕಾ, ಹೊಗೆ ಏಳ್ತಾ ಇದೆ, ಫೋಟೋದಲ್ಲಿ ಬಿದ್ದುಬಿಡುತ್ತೆ. ಸ್ವಲ್ಪ ಆ ಕಡೆ ಹೋಗೋ ಹಾಗೆ ಮಾಡಿ.”

“ನಾನ್ ಹೇಳಿದ್ರೆ ಕೇಳಲ್ಲ ಕಣಪ್ಪ. ನೀವೇ ಹೇಳಿ ನೋಡಿ, ಇಲಾಖೆಯವರ ಮಾತು ಕೇಳಬಹುದೇನೋ.”

ಅವನು ಒಂದು ಬ್ಯಾನರ್ ತಂದು ಬಾಣಲೆಗೂ ವೇದಿಕೆಗೂ ನಡುವೆ ಕಟ್ಟಿಸಿದ. ‘ಹೊಗೆಯಿಲ್ಲದ ನಾಳೆ’ ಎಂದು ಅದರ ಮೇಲೆ ಬರೆದಿತ್ತು. ಅದರ ಹಿಂದೆ ನಾನು ಕಣ್ಣೊರೆಸಿಕೊಳ್ಳುತ್ತಾ ಹಿಟ್ಟಿನ ಉಂಡೆ ಬಿಡುತ್ತಿದ್ದೆ, ಮುಂದೆ ತಾವು ಭಾಷಣಕ್ಕೆ ನಿಂತಿರಿ. ಅಬ್ಬಬ್ಬಾ, ಏನು ಧ್ವನಿ! “ಈ ಪಯಣದಲ್ಲಿ ನಾವು ಯಾರನ್ನೂ ಹಿಂದೆ ಬಿಡುವುದಿಲ್ಲ!” ಎಂಬ ಮಾತು ಬೂದಿಗುಡ್ಡಕ್ಕೆ ಬಡಿದು ವಾಪಸು ಬಂತು.

ಹಿಟ್ಟು ಮುಗಿಯಿತೆಂದು ಒಳಗೆ ಹೋದೆ. ಯಂತ್ರದ ಹಸಿರು ದೀಪ ಆರಿತ್ತು. ಕರೆಂಟು ಹೋದರೆ ಅದು ಕೂಗಿಕೊಳ್ಳುತ್ತದೆ, ಅದರ ಕೂಗು ತಮ್ಮ ಧ್ವನಿವರ್ಧಕದ ಅಬ್ಬರದಲ್ಲಿ ನನಗೆ ಕೇಳಿಸಿರಲಿಲ್ಲ. ಅಮ್ಮ ಹಾಸಿಗೆಯ ಅಂಚು ಹಿಡಿದು ಬಾಯಿ ತೆರೆದು ಕೂತಿದ್ದಳು, ತುಟಿ ನೀಲಿಯಾಗಿತ್ತು. ಗೋಡೆಯ ಸಾಕೆಟ್ಟಿನಲ್ಲಿ ದಪ್ಪನೆಯ ಹಳದಿ ವೈರೊಂದು ಸಿಕ್ಕಿಸಿತ್ತು. ಅದು ನಮ್ಮ ಬಾಗಿಲು ದಾಟಿ, ಹೊಗೆಯಲ್ಲಿ ನನ್ನ ಕಣ್ಣಿಗೆ ಬೀಳದೆ ಅಂಗಳ ದಾಟಿ, ತಮ್ಮ ವೇದಿಕೆಯ ಕೆಳಗೆ ಹೋಗಿತ್ತು. ಅಮ್ಮನ ಯಂತ್ರದ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಆಮೇಲೆ ನಾನೇನು ಮಾಡಿದೆನೋ ಅದನ್ನೇ ತಮ್ಮ ನೋಟೀಸು ‘ಉದ್ದೇಶಪೂರ್ವಕ’ ಎನ್ನುತ್ತದೆ. ಹೌದು, ಉದ್ದೇಶಪೂರ್ವಕವೇ. ಕಿತ್ತು ಬಿಸಾಡಿದೆ. ಹೊರಗೆ ತಾವು ಬಾಯಿ ಆಡಿಸುತ್ತಲೇ ಇದ್ದಿರಂತೆ, ಧ್ವನಿ ಇರಲಿಲ್ಲವಂತೆ. ಫಾನ್ಯಾನಾ ಹೇಳಿದ.

ವೈರು ಎಳೆದ ಹುಡುಗ ಓಡಿ ಬಂದ. ಪಾಪ, ಅಲ್ಲೇ ಅಳುವ ಹಾಗಾಗಿದ್ದ. “ಸೋಲಾರ್ ಕರೆಂಟೆಲ್ಲ ದೊಡ್ಡ ಕಂಬದ ಮೇಲಿಂದ ಸೀದಾ ಜೋಹಾನ್ಸ್‌ಬರ್ಗ್ ಕಡೆ ಹೋಗುತ್ತೆ ಅಕ್ಕಾ, ಇಲ್ಲಿ ಎಲ್ಲೂ ಸಿಕ್ಕಲ್ಲ. ಜನರೇಟರ್ ತಂದ್ರೆ ಹೊಗೆ ಕಾಣುತ್ತೆ ಅಂತ ಬೈದ್ರು. ಹತ್ತಿರ ಇದ್ದಿದ್ದು ನಿಮ್ಮನೇನೇ. ಇದು ಏನೋ ಫ್ಯಾನು ಅಂದ್ಕೊಂಡೆ.”

“ಜುಲೈ ಚಳೀಲಿ ಫ್ಯಾನಾ? ಅಮ್ಮ ಅಲ್ಲೇ ಕೂತಿದ್ಲಲ್ಲೋ, ಕಣ್ಣಿಗೆ ಕಾಣ್ಲಿಲ್ವಾ?”

“ಕಂಡ್ರು ಅಕ್ಕಾ. ಅಜ್ಜಿ ಕೈ ಬೀಸಿದ್ರು. ನಾನೂ ಬೀಸ್ದೆ.”

ಮಾನ್ಯರೇ, ಆ ಹುಡುಗನನ್ನು ನಾನು ಬೈಯಲಿಲ್ಲ. ಅವನ ಮೇಲೆ ಕ್ರಮ ಗಿಮ ಎಂದು ಹೋಗಬೇಡಿ. ಅವನು ಮಾಡಿದ್ದನ್ನೇ ತಮ್ಮ ಇಲಾಖೆ ವರ್ಷಗಳಿಂದ ಮಾಡುತ್ತಾ ಬಂದಿದೆ. ಉಸಿರು ಕಟ್ಟಿ ಕೈ ಬೀಸಿದವರಿಗೆ ಕಾರಿನೊಳಗಿಂದ ಕೈ ಬೀಸಿ ಹೋಗುತ್ತೀರಿ.

ಯಂತ್ರ ಮತ್ತೆ ಓಡಿ, ತುಟಿಗೆ ಬಣ್ಣ ಬಂದ ಮೇಲೆ ಅಮ್ಮ ಆಡಿದ ಮೊದಲ ಮಾತೇನು ಗೊತ್ತೇ? “ಯಾಕೇ ನಿಲ್ಲಿಸ್ಬಿಟ್ಟೆ? ಚೆನ್ನಾಗಿ ಮಾತಾಡ್ತಿದ್ದ ಕಣೇ ಆ ಹುಡುಗ. ಯಾರನ್ನೂ ಬಿಟ್ಟು ಹೋಗಲ್ಲ ಅಂತಿದ್ದ.” ನಾನು ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಹೊರಗೆ ಬಾಣಲೆಯಲ್ಲಿದ್ದದ್ದು ಸೀದುಹೋಯಿತು.

ಈಗ ನನ್ನ ಬೇಡಿಕೆ. ಚಿಮಣಿ ಉಳಿಸಿ ಎಂದು ನಾನು ಕೇಳುತ್ತಿಲ್ಲ. ಅದು ಬೀಳುವ ದಿನ ನನ್ನ ವ್ಯಾಪಾರವೂ ಬೀಳುತ್ತದೆ ಎಂದು ಗೊತ್ತಿದ್ದೂ, ಅವತ್ತು ಗೇಟಿನ ಮುಂದೆ ಊರಿಗೆಲ್ಲ ಪುಕ್ಕಟೆ ಮಗ್ವಿನ್ಯಾ ಹಂಚುತ್ತೇನೆ. ಆದರೆ ಕೊನೆಯ ಬಾಯ್ಲರ್ ಆರಿಸುವ ಮೊದಲು, ನಮ್ಮ ಸೂರಿನ ಮೇಲಿಂದಲೇ ಹಾದುಹೋಗುವ ಆ ಹೊಸ ತಂತಿಗಳಲ್ಲಿ ಒಂದನ್ನು ಈ ಬೀದಿಗೆ ಇಳಿಸಿ. ಅದು ಇಳಿಯುವವರೆಗೆ, ಅಮ್ಮನಂಥವರು ಮಲಗಿರುವ ಮನೆಗಳ ಕರೆಂಟು ತೆಗೆಯಬೇಡಿ. ಫಾನ್ಯಾನಾನ ಟೋಪಿಯ ಕೆಳಗೆ ಒಂದು ಕೆಲಸವನ್ನೂ ಇಡಿ.

ವಿಚಾರಣೆಗೆ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಪ್ರಿಟೋರಿಯಾಕ್ಕೆ ಬರಬೇಕೆಂದು ನೋಟೀಸಿನಲ್ಲಿದೆ. ಬರಲಾಗುವುದಿಲ್ಲ. ಅಷ್ಟು ಹೊತ್ತಿಗೆ ತಾವು ನಮ್ಮ ಕರೆಂಟು ತೆಗೆದಿರುತ್ತೀರಿ, ನಾನು ಸಿಲಿಂಡರ್ ಕಾಯುತ್ತಾ ಅಮ್ಮನ ಪಕ್ಕ ಕೂತಿರಬೇಕು. ವಿಚಾರಣೆಯನ್ನು ಇಲ್ಲಿಯೇ ಇಟ್ಟುಕೊಳ್ಳೋಣ, ದಯಮಾಡಿ ಬನ್ನಿ. ಕುರ್ಚಿ ಇದೆ, ಕಂಬಳಿ ಕೊಡುತ್ತೇನೆ, ಬಿಸಿ ಮಗ್ವಿನ್ಯಾ ಕೊಡುತ್ತೇನೆ. ಮೈಕು ಮಾತ್ರ ತರಬೇಡಿ. ಕೋಣೆಯಲ್ಲಿರುವುದು ಒಂದೇ ಸಾಕೆಟ್ಟು, ಅದು ಖಾಲಿ ಇಲ್ಲ.

ಇಂತಿ,
ತಮ್ಮ ಪಯಣದಲ್ಲಿ ಹಿಂದೆ ಉಳಿದು, ಪ್ಲಗ್ಗು ಕಾಯುತ್ತಿರುವ
ನೊಮಸೊಂಟೊ ಸ್ಕೋಸಾನಾ
ಬೂದಿಗುಡ್ಡದ ಕೆಳಗಿನ ಬೀದಿ, ಎಂಪುಮಲಂಗಾ, ದಕ್ಷಿಣ ಆಫ್ರಿಕಾ