ಆರು ಇಂಚು ಎದ್ದ ಟ್ರಕ್ಕು

ಚಿಕ್ಕಪ್ಪನಿಗೆ ನಮಸ್ಕಾರ.

ಹೇಳದೇ ಹಾಸ್ಟೆಲ್‌ಗೆ ಹೊರಟುಬಂದೆ, ಸಾರಿ. ಭಾನುವಾರದ ಗುಡ್ಡದ ರೇಸಿನ ಎದುರಾಳಿಗಳ ಕಣ್ಣಿಗೆ ಬೀಳಬಾರದೆಂದು ನೀವು ಹೇಳಿದ ಹಾಗೆ, ಶೆಡ್ಡಿನ ಬಾಗಿಲು ಹಾಕಿಕೊಂಡೇ ಅಪ್ಪನ ಟ್ರಕ್ಕಿಗೆ ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಕೂರಿಸಿದ್ದೇನೆ. ಅಪ್ಪ ಕಲಿಸಿದ ಕೆಲಸ, ಒಂದು ಬೋಲ್ಟೂ ಸಡಿಲವಿಲ್ಲ. ಗಾಡಿ ಆರು ಇಂಚು ಎದ್ದಿದೆ. ಆದರೆ ಶೆಡ್ಡಿನ ಬಾಗಿಲಲ್ಲಿ ಗಾಡಿಯ ನೆತ್ತಿಯ ಮೇಲೆ ಮೊದಲು ಉಳಿದಿದ್ದ ಜಾಗ ಒಂದೇ ಇಂಚು. ಮೊದಲೇ ಅಳೆದಿದ್ದೆ. ಟೈರಿನ ಗಾಳಿ ಬಿಟ್ಟರೂ ಹೊರಗೆ ಬರುವುದಿಲ್ಲ.

ಅಪ್ಪ ತೀರಿಕೊಂಡ ವಾರವೇ ಅಮ್ಮನ ಕೈಯಿಂದ ಕೀ ಕಿತ್ತುಕೊಂಡು, “ತಾಯಿ ಮಗಳಿಗೆ ಟ್ರಕ್ಕು ಯಾಕ್ರೀ? ಬಸ್ಸಲ್ಲಿ ಓಡಾಡ್ಕೊಳ್ಳಿ” ಅಂದಿರಲ್ಲ, ಭಾನುವಾರ ರೇಸಿಗೆ ನೀವೂ ಬಸ್ಸಲ್ಲೇ ಹೋಗಿಬನ್ನಿ.

ಗಾಡಿಯನ್ನು ಅಮ್ಮನ ಹೆಸರಿಗೆ ಮಾಡಿಸಿದ ದಿನ ಫೋನ್ ಮಾಡಿ, ಬಂದು ಇಳಿಸಿಕೊಡುತ್ತೇನೆ. ಗಾಡಿಯಿಂದ ಬಿಚ್ಚಿದ ಹಳೆಯ ಸ್ಪ್ರಿಂಗುಗಳೆಲ್ಲ ನನ್ನ ಮಂಚದ ಕೆಳಗಿವೆ. ವಾರ್ಡನ್ ದಿನಾ ಬೈಯುತ್ತಿದ್ದಾರೆ. ಪ್ಲೀಸ್, ತಡಮಾಡಬೇಡಿ.

ಇಂತಿ,
ನಿಮ್ಮ ಅಣ್ಣನ ಮಗಳು