ಜಾಗಕ್ಕೆ ಬೆಲೆ ಹೇಳದ ಮನೆ

ವಾಡಿ, ೧೨-೬-೧೯೭೩

ಚಿ. ಸೌ. ವಿಮಲಾಬಾಯಿಗೆ ಕಾಕಾ ರೇವಣಪ್ಪನ ಆಶೀರ್ವಾದ.

ಇಲ್ಲಿ ವಾಡಿ ಜಂಕ್ಷನ್ನಿನಲ್ಲಿ ಮದ್ರಾಸ್ ಮೇಲ್ ಕೂಡ ನನ್ನನ್ನು ಕೇಳಿಯೇ ಹೊರಡುತ್ತದೆ. ಅಂಥವನಿಗೆ ನೀನು, "ನಿಮ್ಮ ಅಳಿಯಗ ಸಿಮೆಂಟ್ ಕಾರ್ಖಾನ್ಯಾಗ ನೌಕರಿ ಆಗ್ಯಾದ, ನಮ್ಮಪ್ಪನ ಪಾಲಿನ ಖೋಲಿ ಖಾಲಿ ಮಾಡಿಡ್ರಿ ಕಾಕಾ" ಎಂದು ಬರೆದಿದ್ದೀ.

ನಮ್ಮ ಓಣಿಯಲ್ಲಿ ಈಗ ಕಲ್ಲು ಒಡೆಯುವವರು ಯಾರೂ ಉಳಿದಿಲ್ಲ. ಎಲ್ಲ ತಿಂಗಳ ಪಗಾರದವರು. ಒಂದೇ ಕೋಣೆಯ ಖೋಲಿಗೂ ತಿಂಗಳಿಗೆ ನಲವತ್ತು ರೂಪಾಯಿ ಬಾಡಿಗೆ.

ಹೋದ ವರ್ಷ ಒಬ್ಬ ಗುತ್ತಿಗೆದಾರ ನಮ್ಮ ಮನೆ ಕೊಳ್ಳಲು ಬಂದು, "ಸಾವಕಾರ್ರ, ಮನಿಗಿ ಎಷ್ಟ್ರಿ?" ಅಂದ. ನಮ್ಮಲ್ಲಿ ಮನೆಯ ಬೆಲೆ ಎಂದರೆ ನೆಲಕ್ಕೆ, ಮಾಳಿಗೆಗೆ ಹಾಕಿದ ಪರಸಿ ಕಲ್ಲಿನ ಬೆಲೆ. "ಜಾಗಕ್ಕೇನ್ ಬೆಲಿರಿ, ಕಲ್ಲು ಎಣಸ್ರಿ" ಎಂದೆ. ಒಡೆದ ಕಲ್ಲನ್ನೂ ಇಡಿಯದೆಂದು ಎಣಿಸಿ ಮನೆ ಮಾರಿದೆ; ಅವನಿಗೆ ಟೋಪಿ ಹಾಕಿದೆನೆಂದು ಓಣಿಗೆಲ್ಲ ಚಹಾ ಕುಡಿಸಿದೆ. ಅವನು ಕಲ್ಲು ಕಿತ್ತು ಎಸೆದು ಅಲ್ಲೇ ಆರು ಖೋಲಿ ಕಟ್ಟಿಸಿದ. ಕೊನೆಯ ಖೋಲಿಯಲ್ಲಿ ನಾನು ಬಾಡಿಗೆಗಿದ್ದೇನೆ.

ನಿನ್ನ ಸಾಮಾನನ್ನು ಪಕ್ಕದ ಊರು ರಾವೂರಿನಲ್ಲೇ ಇಳಿಸು. ಅಲ್ಲಿ ಬಾಡಿಗೆ ಕಡಿಮೆ. ಅಳಿಯ ಸೈಕಲ್ ಮೇಲೆ ಬಂದು ಹೋಗಬಹುದು.

ಮನೆ ಐದು ಸಾವಿರಕ್ಕೆ ಹೋಯಿತೆಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಕೈಗೆ ಬಂದದ್ದು ಆರುನೂರ ನಲವತ್ತು. ಅದರಲ್ಲಿ ಮುನ್ನೂರ ಇಪ್ಪತ್ತು ನಿನ್ನದು. ಅದೂ ಉಳಿದಿಲ್ಲ.

ನಿನ್ನ ಕಾಕಾ,
ರೇವಣಪ್ಪ